ದೆಹಲಿಯ ಮಂಜಿನಲ್ಲಿ ವಿಮಾನ ರದ್ದು: ಎರಡು ಬೇರೆ ಬೇರೆ ಟಿಕೆಟ್‌ಗಳ ನಡುವೆ ಸಿಕ್ಕಿಕೊಂಡವರಿಗೆ ಏನು ದಾರಿ?

ಪ್ರಶ್ನೆ (ಧಾರವಾಡದ ಪ್ರಯಾಣಿಕ)

ಎಲ್ಲರಿಗೂ ನಮಸ್ಕಾರ. ಕಳೆದ ಡಿಸೆಂಬರ್ ಕೊನೆಯ ವಾರದಲ್ಲಿ ನಾನೂ ನನ್ನ 71 ವರ್ಷದ ತಾಯಿಯೂ ಕಾಶಿಯಾತ್ರೆ ಮುಗಿಸಿ ಮರಳುವಾಗ ದೆಹಲಿಯಲ್ಲಿ ಎರಡು ರಾತ್ರಿ ಸಿಕ್ಕಿಕೊಂಡೆವು. ಆಗ ನಡೆದದ್ದರಲ್ಲಿ ನನ್ನ ತಪ್ಪೆಷ್ಟು, ವಿಮಾನ ಸಂಸ್ಥೆಗಳ ಹೊಣೆಯೆಷ್ಟು ಎಂಬುದು ಇಂದಿಗೂ ಸ್ಪಷ್ಟವಾಗಿಲ್ಲ. ತಿಳಿದವರಿಂದ ಕೇಳಿ ತಿಳಿಯೋಣವೆಂದು ಇದನ್ನು ಬರೆಯುತ್ತಿದ್ದೇನೆ. ಬರುವ ಜನವರಿಯಲ್ಲಿ ನಮ್ಮ ಸೋದರಮಾವನ ಕುಟುಂಬ ಇದೇ ಮಾರ್ಗದಲ್ಲಿ ಹೊರಟಿರುವುದರಿಂದ ಉತ್ತರದ ಅಗತ್ಯವೂ ಇದೆ.

ವಾರಾಣಸಿಯಿಂದ ದೆಹಲಿಗೆ ಒಂದು ಸಂಸ್ಥೆಯ ವಿಮಾನ, ದೆಹಲಿಯಿಂದ ಬೆಂಗಳೂರಿಗೆ ಇನ್ನೊಂದು ಸಂಸ್ಥೆಯ ವಿಮಾನ. ದರ ಕಡಿಮೆಯಾಗುತ್ತದೆಂದು ಎರಡನ್ನೂ ಬೇರೆ ಬೇರೆಯಾಗಿ, ಪ್ರಯಾಣದ ಆ್ಯಪ್ ಒಂದರ ಮೂಲಕ ಕಾಯ್ದಿರಿಸಿದ್ದೆ. ಬೆಳಿಗ್ಗೆ 10.30ಕ್ಕೆ ವಾರಾಣಸಿಯಿಂದ ಹೊರಡಬೇಕಿದ್ದ ವಿಮಾನ ಮಂಜಿನ ಕಾರಣದಿಂದ ಮಧ್ಯಾಹ್ನ ಮೂರಕ್ಕೆ ಹೊರಟಿತು. 3.30ರ ಬೆಂಗಳೂರಿನ ವಿಮಾನ ತಪ್ಪಿಹೋಯಿತು. ಎರಡನೆಯ ಸಂಸ್ಥೆಯ ಕೌಂಟರಿನಲ್ಲಿ, ನೀವು ಬಾರದ ಪ್ರಯಾಣಿಕರು, ನಿಮ್ಮ ಟಿಕೆಟ್ ಮುಗಿದಂತೆ, ಎಂದುಬಿಟ್ಟರು. ಮರುದಿನ ಬೆಳಗಿನ 6.40ರ ವಿಮಾನಕ್ಕೆ ಅದೇ ಸಂಸ್ಥೆಯಲ್ಲಿ ಹೊಸ ಟಿಕೆಟ್ ಕೊಂಡು, ಆ ರಾತ್ರಿಯನ್ನು ಟರ್ಮಿನಲ್‌ನ ಉಕ್ಕಿನ ಕುರ್ಚಿಗಳ ಮೇಲೆ ಕಳೆದೆವು. ಎರಡು ಕುರ್ಚಿಗಳ ನಡುವೆ ಕೈಯಿಡುವ ಪಟ್ಟಿ ಇರುವುದರಿಂದ ಕಾಲು ಚಾಚಲೂ ಆಗದೆ ಅಮ್ಮ ಕುಳಿತೇ ತೂಕಡಿಸಿದರು.

ಬೆಳಗಿನ ಜಾವ ನಾಲ್ಕಕ್ಕೆ ದೊಡ್ಡ ಬ್ಯಾಗನ್ನು ಕೊಟ್ಟು ಒಳಗೆ ಹೋದೆವು. ಫಲಕದಲ್ಲಿ ಮೊದಲು ತಡ ಎಂದಿತ್ತು, ಮತ್ತೆ ಇನ್ನಷ್ಟು ತಡ ಎಂದಾಯಿತು, ಒಂಬತ್ತಕ್ಕೆ ರದ್ದು ಎಂದು ಬಂತು. ಅಮ್ಮನ ಇನ್ಸುಲಿನ್ ಪೆನ್ ಆ ದೊಡ್ಡ ಬ್ಯಾಗಿನಲ್ಲಿತ್ತು. ಅದು ಆಗಮನದ ಬೆಲ್ಟಿಗೆ ಮರಳಿ ಬರಲು ಮೂರು ಗಂಟೆ ಹಿಡಿಯಿತು. ತಿಂಡಿ ತಿನ್ನಿಸುವಂತಿಲ್ಲ, ತಿನ್ನಿಸದೆ ಇರುವಂತೆಯೂ ಇಲ್ಲ. ಬೆಲ್ಟಿನ ಮುಂದೆ ನಿಂತು ಕಂಡವರ ಬ್ಯಾಗುಗಳನ್ನೆಲ್ಲ ನೋಡುತ್ತಿದ್ದ ಆ ಮೂರು ಗಂಟೆ ನನಗೆ ಮರೆಯುವುದಿಲ್ಲ. ಬದಲಿ ವಿಮಾನವನ್ನು ಮರುದಿನ ಮಧ್ಯಾಹ್ನ ಒಂದಕ್ಕೆ ಕೊಟ್ಟರು. ಊಟ ಮತ್ತು ಕೋಣೆ ಕೇಳಿದ್ದಕ್ಕೆ, ಹವಾಮಾನ ನಮ್ಮ ಕೈಯಲ್ಲಿಲ್ಲ, ಎಂಬ ಉತ್ತರ ಬಂತು. ಎರಡನೆಯ ರಾತ್ರಿ ಸ್ವಂತ ಖರ್ಚಿನಲ್ಲಿ ಹೊರಗೆ ಕೋಣೆ ಹಿಡಿದೆವು.

ತಪ್ಪಿಹೋದ ಬೆಂಗಳೂರಿನ ಮೊದಲ ಟಿಕೆಟ್‌ನ ಹಣದಲ್ಲಿ ಏನಾದರೂ ವಾಪಸು ಬರುತ್ತದೆಯೇ? ಹವಾಮಾನದ ಹೆಸರಿನಲ್ಲಿ ಊಟ ಮತ್ತು ಕೋಣೆಯನ್ನು ನಿರಾಕರಿಸಬಹುದೇ? ಮಾವನವರಿಗೆ ಯಾವ ಎಚ್ಚರಿಕೆ ಹೇಳಬೇಕು?

ಉತ್ತರ 1 (ವಿಮಾನಯಾನ ಸಂಸ್ಥೆಯ ನಿವೃತ್ತ ಉದ್ಯೋಗಿ, ಬೆಂಗಳೂರು)

ನಿಮ್ಮ ತಾಯಿಯವರು ಈಗ ಆರೋಗ್ಯವಾಗಿದ್ದಾರೆಂದು ಭಾವಿಸುತ್ತೇನೆ. ನಾನು ಹಲವು ವರ್ಷ ಇಂಥದೇ ಕೌಂಟರಿನ ಒಳಬದಿಯಲ್ಲಿ ನಿಂತವನು. ಮಂಜಿನ ದಿನಗಳಲ್ಲಿ ನಾಲ್ಕು ಮಂದಿ ಸಿಬ್ಬಂದಿ ನಾನೂರು ಮಂದಿ ಪ್ರಯಾಣಿಕರಿಗೆ ಉತ್ತರಿಸಬೇಕಾಗುತ್ತದೆ. ಆ ಒತ್ತಡದಲ್ಲಿ ಹವಾಮಾನ ಎಂಬ ಒಂದೇ ಪದದಿಂದ ಎಲ್ಲ ಕೋರಿಕೆಗಳನ್ನೂ ತಳ್ಳಿಹಾಕುವ ಅಭ್ಯಾಸ ಬೆಳೆದುಬಿಡುತ್ತದೆ. ಆದರೆ ನಿಯಮ ಹಾಗಿಲ್ಲ.

ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ, ಅಂದರೆ ಡಿಜಿಸಿಎಯ, ನಿಯಮಾವಳಿಯಲ್ಲಿ ಪರಿಹಾರಧನ ಬೇರೆ, ಸೌಲಭ್ಯ ಬೇರೆ, ಹಣ ವಾಪಸು ಬೇರೆ. ಮುನ್ಸೂಚನೆಯಿಲ್ಲದೆ ವಿಮಾನ ರದ್ದಾದರೆ ಹಾರಾಟದ ಅವಧಿಗೆ ತಕ್ಕಂತೆ 5,000, 7,500 ಅಥವಾ 10,000 ರೂಪಾಯಿ, ಇಲ್ಲವೇ ಮೂಲ ದರ ಮತ್ತು ಇಂಧನ ಶುಲ್ಕದ ಮೊತ್ತ, ಇವುಗಳಲ್ಲಿ ಕಡಿಮೆಯಾದದ್ದನ್ನು ಪರಿಹಾರವಾಗಿ ಕೊಡಬೇಕೆಂದಿದೆ. ಮಂಜು, ಬಿರುಗಾಳಿ, ವಾಯು ಸಂಚಾರ ನಿಯಂತ್ರಣದ ಆದೇಶ ಇಂಥ ಕಾರಣಗಳಿದ್ದರೆ ಈ ಪರಿಹಾರಧನ ಸಿಗುವುದಿಲ್ಲ. ಇದರಲ್ಲಿ ಕೌಂಟರಿನವರ ಮಾತು ಸರಿ. ಆದರೆ ರದ್ದಾದ ವಿಮಾನಕ್ಕೆ ಬದಲಿ ವಿಮಾನ ಅಥವಾ ಪೂರ್ಣ ಹಣ ವಾಪಸು, ಇವೆರಡರಲ್ಲಿ ಒಂದನ್ನು ಕೊಡುವುದರಿಂದ ಹವಾಮಾನ ಅವರನ್ನು ಬಿಡುಗಡೆ ಮಾಡುವುದಿಲ್ಲ. ನಿಲ್ದಾಣಕ್ಕೆ ಬಂದು ಹಾಜರಾದ ಪ್ರಯಾಣಿಕರಿಗೆ ಬದಲಿ ವಿಮಾನ ಕಾಯುವ ವೇಳೆಯಲ್ಲಿ ಊಟ–ಉಪಾಹಾರ ಕೊಡಬೇಕೆಂದೂ ನಿಯಮವೇ ಹೇಳುತ್ತದೆ. ವಾರಾಣಸಿಯಲ್ಲೂ, ಹಾರಾಟದ ಅವಧಿ ಎರಡೂವರೆ ಗಂಟೆಗಿಂತ ಕಡಿಮೆಯಿರುವುದರಿಂದ, ಎರಡು ಗಂಟೆ ತಡವಾದೊಡನೆ ನಿಮಗೆ ಉಪಾಹಾರ ಬರಬೇಕಿತ್ತು.

ಈ ವಿಷಯದಲ್ಲಿ ಸುಪ್ರೀಂ ಕೋರ್ಟಿನ ತೀರ್ಪೊಂದಿದೆ. 2007ರ ಡಿಸೆಂಬರ್ 14ರಂದು ದೆಹಲಿಯಿಂದ ಹೈದರಾಬಾದಿಗೆ ಹೋಗಬೇಕಿದ್ದ ವಿಮಾನ ದಟ್ಟ ಮಂಜಿನಿಂದ ತಡವಾಗಿ, ಪ್ರಯಾಣಿಕರೊಬ್ಬರು ದೂರು ಕೊಟ್ಟಿದ್ದರು. 2011ರ ಜುಲೈಯಲ್ಲಿ ತೀರ್ಪು ಬಂತು. ಮಂಜಿನಿಂದಾದ ವಿಳಂಬವೇ ಸೇವಾಲೋಪವಲ್ಲ, ಆದರೆ ಹಾಗೆ ತಡೆದು ನಿಂತ ಪ್ರಯಾಣಿಕರಿಗೆ ಆಹಾರ, ನೀರು, ಶೌಚಾಲಯದಂಥ ಕನಿಷ್ಠ ಅನುಕೂಲ ಒದಗಿಸುವುದು ಸಂಸ್ಥೆಯ ಹೊಣೆ, ಎಂಬುದು ಅದರ ಸಾರ. ಆ ಪ್ರಕರಣದಲ್ಲಿ ಸಂಸ್ಥೆ ತಿನಿಸು ಕೊಟ್ಟು ಬೇರೆ ಆಯ್ಕೆಗಳನ್ನೂ ಮುಂದಿಟ್ಟಿದ್ದರಿಂದ ಅದು ಪರಿಹಾರ ಕೊಡಬೇಕೆಂಬ ಆದೇಶ ರದ್ದಾಯಿತು ಎಂಬುದನ್ನೂ ಹೇಳಬೇಕು. ಹಾಗೆಂದರೆ ಊಟ ಕೇಳುವುದು ದಾಕ್ಷಿಣ್ಯದ ಮಾತಲ್ಲ, ನಿಮ್ಮ ಹಕ್ಕಿನ ಮಾತು.

ಕೋಣೆಯ ವಿಷಯದಲ್ಲಿ ಅಷ್ಟು ಗಟ್ಟಿಯಾಗಿ ಹೇಳಲಾರೆ. ವಿಳಂಬ 24 ಗಂಟೆ ಮೀರಿದರೆ, ಅಥವಾ ರಾತ್ರಿ 8ರಿಂದ ಬೆಳಗಿನ ಜಾವ 3ರೊಳಗೆ ಹೊರಡಬೇಕಾದ ವಿಮಾನ ಆರು ಗಂಟೆಗೂ ಹೆಚ್ಚು ತಡವಾದರೆ ಹೋಟೆಲ್ ಒದಗಿಸಬೇಕೆಂದು ನಿಯಮದಲ್ಲಿದೆ. ಹವಾಮಾನದ ಕಾರಣವಿದ್ದಾಗ ಸಂಸ್ಥೆಗಳು ಇದನ್ನು ಒಪ್ಪದೆ ವಾದಿಸುತ್ತವೆ. ನಿಮ್ಮ ಬದಲಿ ವಿಮಾನ 30 ಗಂಟೆಗೂ ಮೀರಿ ತಡವಾಗಿ ಹೊರಟಿದೆ. ಕೋಣೆಯ ಬಿಲ್ ಇದ್ದರೆ ಅದನ್ನು ಲಗತ್ತಿಸಿ ಲಿಖಿತವಾಗಿ ಕೇಳಿ. ಕೊಟ್ಟೇ ಕೊಡುತ್ತಾರೆಂದು ನಾನು ಭರವಸೆ ನೀಡಲಾರೆ.

ಈಗ ತಪ್ಪಿಹೋದ ಟಿಕೆಟ್. ಎರಡು ಬೇರೆ ಟಿಕೆಟ್‌ಗಳಿದ್ದಾಗ ಮೊದಲ ಸಂಸ್ಥೆ ನಿಮ್ಮನ್ನು ದೆಹಲಿಗೆ ಮುಟ್ಟಿಸಿದರೆ ಅದರ ಒಪ್ಪಂದ ಮುಗಿಯಿತು. ಎರಡನೆಯ ಸಂಸ್ಥೆಗೆ ನೀವು ವಾರಾಣಸಿಯಿಂದ ಬರುತ್ತಿದ್ದೀರಿ ಎಂಬುದೇ ತಿಳಿದಿರುವುದಿಲ್ಲ. ಹೀಗಾಗಿ ಮೂಲ ದರ ಕೇಳುವಂತಿಲ್ಲ. ಆದರೆ ಪ್ರಯಾಣಿಕ ಬಾರದೆ ಹೋದರೂ ತೆರಿಗೆಗಳನ್ನೂ ನಿಲ್ದಾಣದ ಬಳಕೆದಾರರ ಶುಲ್ಕವನ್ನೂ ಹಿಂದಿರುಗಿಸಲೇಬೇಕು. ಬಹಳ ಮಂದಿ ಇದನ್ನು ಕೇಳುವುದೇ ಇಲ್ಲ, ಆದ್ದರಿಂದ ಬಿಟ್ಟುಹೋಗುತ್ತದೆ. ಆ್ಯಪ್ ಮೂಲಕ ಕೊಂಡಿದ್ದರೂ ಹಣ ವಾಪಸಿನ ಹೊಣೆ ವಿಮಾನ ಸಂಸ್ಥೆಯದೇ. ಹಣದ ಬದಲು ಮುಂದಿನ ಪ್ರಯಾಣಕ್ಕೆ ಜಮೆ ಇಡುತ್ತೇವೆಂದರೆ ಒಪ್ಪಬೇಕಾಗಿಲ್ಲ, ಆ ಆಯ್ಕೆ ಪ್ರಯಾಣಿಕರದು.

ಇನ್ನೊಂದು ಮಾತು ನೋವಾದರೂ ಹೇಳುತ್ತೇನೆ, ಮಾವನವರಿಗೆ ಉಪಯೋಗವಾಗಲಿ. ನೀವು ವಾರಾಣಸಿಯಲ್ಲಿ ಕಾಯುತ್ತಿದ್ದಾಗ, ಮಧ್ಯಾಹ್ನ ಹನ್ನೆರಡರ ಹೊತ್ತಿಗೇ, 3.30ರ ವಿಮಾನ ಸಿಗುವುದಿಲ್ಲವೆಂಬುದು ಹೆಚ್ಚುಕಡಿಮೆ ಖಚಿತವಾಗಿತ್ತು. ವಿಮಾನ ಹೊರಡುವ ಎರಡು–ಮೂರು ಗಂಟೆ ಮೊದಲಿನವರೆಗೆ ಶುಲ್ಕ ತೆತ್ತು ದಿನಾಂಕ ಬದಲಿಸಿಕೊಳ್ಳಲು ಸಾಮಾನ್ಯವಾಗಿ ಅವಕಾಶವಿರುತ್ತದೆ. ಅಲ್ಲಿಂದಲೇ ಬದಲಿಸಿದ್ದರೆ ಟಿಕೆಟ್ ಸಾಯುತ್ತಿರಲಿಲ್ಲ.

ಸಂಸ್ಥೆ ಸ್ಪಂದಿಸದಿದ್ದರೆ ಕೇಂದ್ರ ಸರ್ಕಾರದ ಏರ್‌ಸೇವಾ ತಾಣದಲ್ಲಿ ದೂರು ದಾಖಲಿಸಿ. ಗ್ರಾಹಕ ಸಹಾಯವಾಣಿಯ ಸಂಖ್ಯೆ 1915. ಅಲ್ಲೂ ಬಗೆಹರಿಯದಿದ್ದರೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನೀವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ದೆಹಲಿಗೆ ಓಡಾಡಬೇಕಾಗಿಲ್ಲ, ನಿಮ್ಮಷ್ಟು ಮೊತ್ತಕ್ಕೆ ಶುಲ್ಕವೂ ಇಲ್ಲ.

ಉತ್ತರ 2 (ಹವಾಮಾನ ವೀಕ್ಷಕ, ನಿವೃತ್ತ)

ಹಿರಿಯರು ನಿಯಮವನ್ನು ಚೆನ್ನಾಗಿ ಬಿಡಿಸಿ ಹೇಳಿದ್ದಾರೆ. ಮಂಜಿನ ಬಗ್ಗೆ ಎರಡು ಮಾತು ಸೇರಿಸುತ್ತೇನೆ, ಏಕೆಂದರೆ ಟಿಕೆಟ್ ಕೊಳ್ಳುವ ಹೊತ್ತಿನಲ್ಲೇ ಇದನ್ನು ಗಮನಿಸಿದರೆ ಅರ್ಧ ತೊಂದರೆ ತಪ್ಪುತ್ತದೆ.

ನಮ್ಮ ಮಡಿಕೇರಿಯ ಅಥವಾ ಆಗುಂಬೆಯ ಮಂಜನ್ನು ಮನಸ್ಸಿನಲ್ಲಿಟ್ಟುಕೊಂಡು ದೆಹಲಿಯ ಮಂಜನ್ನು ಊಹಿಸಬಾರದು. ಅಲ್ಲಿನದು ನೆಲದಿಂದ ಹುಟ್ಟುವ ಮಂಜು. ಪಶ್ಚಿಮದಿಂದ ಬರುವ ಹವಾಮಾನದ ಅಲೆಯೊಂದು ಸ್ವಲ್ಪ ಮಳೆ ಸುರಿಸಿ ಮುಂದೆ ಸಾಗಿದ ಮೇಲೆ ಆಕಾಶ ತಿಳಿಯಾಗುತ್ತದೆ, ಗಾಳಿ ನಿಲ್ಲುತ್ತದೆ. ಆ ರಾತ್ರಿ ನೆಲ ತನ್ನ ಶಾಖವನ್ನು ಬಿಟ್ಟುಕೊಟ್ಟು ತಣ್ಣಗಾದಾಗ, ಅದಕ್ಕೆ ತಾಗಿಕೊಂಡ ತೇವದ ಗಾಳಿ ಹನಿಗಟ್ಟುತ್ತದೆ. ನೀರುಂಡ ಗೋಧಿ ಹೊಲಗಳ ತೇವವೂ ಹೊಗೆ–ದೂಳಿನ ಕಣಗಳೂ ಇದಕ್ಕೆ ಒತ್ತಾಸೆಯಾಗುತ್ತವೆ. ಅಮೃತಸರದಿಂದ ವಾರಾಣಸಿಯಾಚೆಗೂ ಗಂಗಾ ಬಯಲು ಒಂದೇ ಹೊದಿಕೆಯಡಿ ಮುಚ್ಚಿಹೋಗುವುದುಂಟು. ಇದನ್ನು ಅಭ್ಯಸಿಸಲೆಂದೇ ಪುಣೆಯ ಭಾರತೀಯ ಉಷ್ಣವಲಯ ಹವಾಮಾನ ವಿಜ್ಞಾನ ಸಂಸ್ಥೆ 2015ರ ಚಳಿಗಾಲದಿಂದ ದೆಹಲಿ ನಿಲ್ದಾಣದಲ್ಲಿ ಪ್ರಯೋಗ ನಡೆಸುತ್ತ ಬಂದಿದೆ. ವಿಮಾನಯಾನದಲ್ಲಿ ಡಿಸೆಂಬರ್ 10ರಿಂದ ಫೆಬ್ರುವರಿ 10ರವರೆಗೆ ಮಂಜಿನ ಕಾಲವೆಂದು ಲೆಕ್ಕ ಹಿಡಿಯುತ್ತಾರೆ.

ಎದುರಿಗೇ ಒಂದು ವಿಮಾನ ಇಳಿಯಿತಲ್ಲ, ನಮ್ಮದೇಕೆ ಹೊರಡುವುದಿಲ್ಲ ಎಂದು ಪ್ರಯಾಣಿಕರು ಸಿಬ್ಬಂದಿಯೊಡನೆ ಜಗಳವಾಡುವುದನ್ನು ನೋಡಿದ್ದೇನೆ. ಇದಕ್ಕೆ ಕಾರಣವಿದೆ. ದೆಹಲಿಯಲ್ಲಿರುವ ಮೂರನೆಯ ವರ್ಗದ, ಅಂದರೆ ಕ್ಯಾಟ್–3ಬಿ ಎಂಬ ಉಪಕರಣ ವ್ಯವಸ್ಥೆಯಲ್ಲಿ ರನ್‌ವೇಯ ಮೇಲೆ 50 ಮೀಟರ್ ಕಾಣಿಸಿದರೂ ವಿಮಾನ ಇಳಿಯಬಹುದು. ಮೇಲೇರಲು ಮಾತ್ರ ಕನಿಷ್ಠ 125 ಮೀಟರ್ ಕಾಣಿಸಬೇಕು, ಏಕೆಂದರೆ ಏರುವಾಗ ಪೈಲಟ್ ರನ್‌ವೇಯ ದೀಪಗಳನ್ನು ಕಣ್ಣಿನಿಂದಲೇ ನೋಡಿ ನೇರ ಹಿಡಿಯಬೇಕಾಗುತ್ತದೆ. ಅಲ್ಲದೆ ಇಳಿಯುವ ವಿಮಾನಕ್ಕೂ ಪೈಲಟ್‌ಗಳಿಗೂ ಆ ವ್ಯವಸ್ಥೆಯ ಅರ್ಹತೆ ಇರಬೇಕು. ವಿಮಾನಗಳ ನಡುವಿನ ಅಂತರ ಹೆಚ್ಚಿಸುವುದರಿಂದ ಗಂಟೆಗೆ ಇಳಿಯುವ ಸಂಖ್ಯೆ ಕುಸಿಯುತ್ತದೆ. ಕಾದು ಕಾದು ಸಿಬ್ಬಂದಿಯ ಕೆಲಸದ ಅವಧಿ ಮುಗಿದುಹೋಗುತ್ತದೆ. ಹೀಗೆ, ಹತ್ತು ಗಂಟೆಗೆ ಬಿಸಿಲು ಬಿದ್ದು ಮಂಜು ಕರಗಿದ ಮೇಲೂ ವಿಮಾನಗಳು ರದ್ದಾಗುತ್ತಲೇ ಇರುತ್ತವೆ. ಅಂಥ ವ್ಯವಸ್ಥೆ ಇಲ್ಲದ ಊರುಗಳಲ್ಲಂತೂ ಮಂಜು ಕರಗುವವರೆಗೆ ಕಾಯುವುದೊಂದೇ ದಾರಿ.

ಆದ್ದರಿಂದ ಮಾವನವರಿಗೆ ಬೆಳಗಿನ 5ರಿಂದ 10ರ ನಡುವಿನ ವಿಮಾನ ಬೇಡವೆನ್ನಿ. ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ನಡುವೆ ಹೊರಡುವುದು ಮೇಲು. ಹಿಂದಿನ ರಾತ್ರಿಯೇ ಸ್ಥಿತಿ ತಿಳಿಯಬೇಕೆಂದಿದ್ದರೆ ವಿಮಾನ ನಿಲ್ದಾಣಗಳ ಹವಾಮಾನ ವರದಿ ಅಂತರ್ಜಾಲದಲ್ಲಿ ಎಲ್ಲರಿಗೂ ಸಿಗುತ್ತದೆ. ಮೆಟಾರ್ ಎಂದು ಅದರ ಹೆಸರು, ದೆಹಲಿಯ ಸಂಕೇತ ವಿಐಡಿಪಿ. ಅರ್ಧ ಗಂಟೆಗೊಮ್ಮೆ ಬರುವ ಆ ಒಂದು ಸಾಲಿನಲ್ಲಿ ಗಾಳಿಯ ಅಂಕಿಯ ನಂತರ ನಾಲ್ಕು ಅಂಕಿಗಳಿರುತ್ತವೆ. 3000 ಎಂದಿದ್ದರೆ ಮೂರು ಸಾವಿರ ಮೀಟರ್ ಕಾಣಿಸುತ್ತಿದೆ ಎಂದು, 0050 ಎಂದಿದ್ದರೆ ಐವತ್ತೇ ಮೀಟರ್ ಎಂದು ಅರ್ಥ. ಸಂಜೆಯಿಂದ ಆ ಅಂಕಿ ಇಳಿಯುತ್ತ ಬಂದು, ಗಾಳಿ ಸೊನ್ನೆಯಾಗಿ, ಪಕ್ಕದಲ್ಲಿ ಮಂಜನ್ನು ಸೂಚಿಸುವ ಎಫ್‌ಜಿ ಎಂಬ ಅಕ್ಷರಗಳು ಕಂಡರೆ ಮರುದಿನ ಬೆಳಗಿನ ಪ್ರಯಾಣದ ಆಸೆ ಬಿಟ್ಟು ಬೇರೆ ಏರ್ಪಾಡು ಯೋಚಿಸುವುದು ಒಳ್ಳೆಯದು.

ಉತ್ತರ 3 (26 ವರ್ಷಗಳಿಂದ ದೆಹಲಿಯಲ್ಲಿರುವ ಗೃಹಿಣಿ)

ಅಮ್ಮನವರ ಇನ್ಸುಲಿನ್ ವಿಷಯ ಓದಿ ಸಂಕಟವಾಯಿತು. ನಮ್ಮ ಅತ್ತೆಯವರಿಗೂ ಇದೇ ಔಷಧ. ದಯವಿಟ್ಟು ಯಾರೂ ಇನ್ಸುಲಿನ್ ಅನ್ನು ದೊಡ್ಡ ಬ್ಯಾಗಿಗೆ ಹಾಕಬೇಡಿ. ಬ್ಯಾಗ್ ಸಿಗದಿರುವುದೊಂದು ತೊಂದರೆಯಾದರೆ, ವಿಮಾನದ ಸಾಮಾನಿನ ಭಾಗದಲ್ಲಿ ಅದು ಹೆಪ್ಪುಗಟ್ಟಿ ಕೆಟ್ಟುಹೋಗುವ ಸಾಧ್ಯತೆ ಇನ್ನೊಂದು. ವೈದ್ಯರ ಚೀಟಿಯೊಂದಿಗೆ ಕೈಚೀಲದಲ್ಲಿ ಒಯ್ಯಲು ಯಾರೂ ಅಡ್ಡಿ ಮಾಡುವುದಿಲ್ಲ. ಪ್ರಯಾಣದ ದಿನಗಳಿಗಿಂತ ನಾಲ್ಕು ದಿನದಷ್ಟು ಹೆಚ್ಚಿಗೆ ಇಟ್ಟುಕೊಳ್ಳಿ, ಜೊತೆಗೆ ಗ್ಲೂಕೋಸ್ ಬಿಸ್ಕತ್ತಿನ ಪೊಟ್ಟಣವೂ ಇರಲಿ. ಮೂರನೆಯ ಟರ್ಮಿನಲ್‌ನಲ್ಲಿ ವೈದ್ಯಕೀಯ ಕೇಂದ್ರವಿದೆ, ಹಿರಿಯರಿಗೆ ಸುಸ್ತಾದರೆ ಹಿಂಜರಿಯದೆ ಕರೆದೊಯ್ಯಬೇಕು.

ಉಳಿದುಕೊಳ್ಳುವುದಾದರೆ ನಿಲ್ದಾಣಕ್ಕೆ ತೀರಾ ಹತ್ತಿರ ಮಹಿಪಾಲಪುರ. ದುಬಾರಿಯಲ್ಲದ ವಸತಿಗೃಹಗಳು ಅಲ್ಲಿ ಸಾಲುಸಾಲಾಗಿವೆ. ಆದರೆ ವಿಮಾನ ರದ್ದೆಂದು ಘೋಷಿಸಿದ ಅರ್ಧ ಗಂಟೆಯಲ್ಲಿ ಬಾಡಿಗೆ ಏರತೊಡಗುತ್ತದೆ, ಆದ್ದರಿಂದ ತಡವೆಂದು ಬರುತ್ತಿರುವಾಗಲೇ ರದ್ದುಪಡಿಸಲು ಅವಕಾಶವಿರುವ ಕೋಣೆಯೊಂದನ್ನು ಕಾಯ್ದಿರಿಸಿಟ್ಟುಕೊಳ್ಳುವುದು ಜಾಣತನ. ಕನ್ನಡದ ಮಾತು ಕಿವಿಗೆ ಬೀಳಬೇಕೆನಿಸಿದರೆ ರಾಮಕೃಷ್ಣಪುರದ ರಾವ್ ತುಲಾರಾಂ ಮಾರ್ಗದಲ್ಲಿ ದೆಹಲಿ ಕರ್ನಾಟಕ ಸಂಘವಿದೆ, ನಿಲ್ದಾಣದಿಂದ ಬಹಳ ದೂರವಿಲ್ಲ.

ಧಾರವಾಡದವರಾದ ನಿಮಗೆ ರೈಲಿನ ಒಂದು ದಾರಿ ಹೇಳುತ್ತೇನೆ. ದೆಹಲಿಯಲ್ಲಿ ಸಿಕ್ಕಿಕೊಂಡ ಕನ್ನಡಿಗರೆಲ್ಲ ಬೆಂಗಳೂರಿನ ರಾಜಧಾನಿ ಅಥವಾ ಕರ್ನಾಟಕ ಎಕ್ಸ್‌ಪ್ರೆಸ್ಸಿಗೇ ಮುಗಿಬೀಳುತ್ತಾರೆ. ಹಜ್ರತ್ ನಿಜಾಮುದ್ದೀನ್‌ನಿಂದ ವಾಸ್ಕೋಗೆ ಹೋಗುವ ಗೋವಾ ಎಕ್ಸ್‌ಪ್ರೆಸ್ ಮೀರಜ್ ಮೇಲೆ ಬೆಳಗಾವಿ, ಲೋಂಡಾ ಹಾದು ಹೋಗುತ್ತದೆ ಎಂಬುದು ಹಲವರಿಗೆ ನೆನಪಿರುವುದಿಲ್ಲ. ಒಂದೂವರೆ ದಿನದ ಪ್ರಯಾಣ, ಬೆಳಗಾವಿಯಲ್ಲಿ ಇಳಿದರೆ ಧಾರವಾಡಕ್ಕೆ ಎರಡು ತಾಸು. ನೀವು ದೆಹಲಿಯಲ್ಲಿ ಕಳೆದ ಕಾಲಕ್ಕೆ ಹೋಲಿಸಿದರೆ ಅಮ್ಮನವರು ಕಾಲು ಚಾಚಿ ಮಲಗಿಕೊಂಡಾದರೂ ಬರುತ್ತಿದ್ದರು. ಎ.ಸಿ. ದರ್ಜೆಯ ತತ್ಕಾಲ್ ಹಿಂದಿನ ದಿನ ಬೆಳಿಗ್ಗೆ 10ಕ್ಕೆ, ಸಾಮಾನ್ಯ ಸ್ಲೀಪರ್‌ನದು 11ಕ್ಕೆ ತೆರೆಯುತ್ತದೆ. ಮಂಜಿನಲ್ಲಿ ರೈಲೂ ತಡವಾಗುತ್ತದೆ, ನಿಜ. ಆದರೆ ರೈಲು ಮೂರು ಗಂಟೆಗಿಂತ ಹೆಚ್ಚು ತಡವಾಗಿ ನೀವು ಹತ್ತದಿದ್ದರೆ, ಅದು ಹೊರಡುವ ಮೊದಲೇ ಟಿಡಿಆರ್ ಎಂಬ ಹಣ ವಾಪಸಿನ ಅರ್ಜಿ ಸಲ್ಲಿಸಿ ಪೂರ್ಣ ಹಣ ಪಡೆಯಬಹುದು.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ

ಮೂವರಿಗೂ ಕೈಮುಗಿಯುತ್ತೇನೆ. ಅಮ್ಮ ಈಗ ಆರಾಮವಾಗಿದ್ದಾರೆ. ನಿಮ್ಮ ಮಾತಿನಂತೆ ತಪ್ಪಿಹೋದ ಟಿಕೆಟ್‌ನ ತೆರಿಗೆ ಮತ್ತು ಬಳಕೆದಾರರ ಶುಲ್ಕಕ್ಕೆ ನಿನ್ನೆ ಮಿಂಚಂಚೆ ಬರೆದೆ. ಇಂದೇ ಉತ್ತರ ಬಂದಿದ್ದು, ಅಷ್ಟು ಮೊತ್ತವನ್ನು ಹಿಂದಿರುಗಿಸಲು ಒಪ್ಪಿದ್ದಾರೆ. ದೊಡ್ಡ ಮೊತ್ತವಲ್ಲ, ಆದರೂ ಕೇಳದೆ ಇದ್ದಿದ್ದರೆ ಅದೂ ಹೋಗುತ್ತಿತ್ತು. ಊಟ ಮತ್ತು ಕೋಣೆಯ ಬಿಲ್‌ಗಳನ್ನು ಸೇರಿಸಿ ಪ್ರತ್ಯೇಕ ಪತ್ರ ಬರೆಯುತ್ತಿದ್ದೇನೆ.

ಗೋವಾ ಎಕ್ಸ್‌ಪ್ರೆಸ್ ಬೆಳಗಾವಿಯ ಮೇಲೆ ಬರುತ್ತದೆಂದು ನನಗೆ ಗೊತ್ತಿತ್ತು, ಸಣ್ಣವನಿದ್ದಾಗ ಅದರಲ್ಲಿ ಬಂದಿದ್ದೇನೆ. ಆ ಎರಡು ದಿನಗಳಲ್ಲಿ ಅದೊಂದು ಹೊಳೆಯಲೇ ಇಲ್ಲ.

ಮಾವನವರಿಗಾಗಿ ಈಗ ಟಿಕೆಟ್ ಹುಡುಕುತ್ತಿದ್ದೇನೆ. ಆ್ಯಪ್‌ನಲ್ಲಿ ವಾರಾಣಸಿಯಿಂದ ಬೆಂಗಳೂರು ಎಂದು ಒಂದೇ ಸಾಲಿನಲ್ಲಿ, ಒಂದೇ ಬೆಲೆಗೆ ತೋರಿಸುತ್ತಿರುವುದು ನಿಜಕ್ಕೂ ಒಂದೇ ಟಿಕೆಟ್ ಎಂದು ಹಣ ಕಟ್ಟುವ ಮೊದಲು ಹೇಗೆ ಖಚಿತಪಡಿಸಿಕೊಳ್ಳುವುದು?

ಉತ್ತರ 1 ಬರೆದವರಿಂದ

ಒಳ್ಳೆಯ ಪ್ರಶ್ನೆ, ಈ ಒಂದು ಸಾಲಿನ ತೋರಿಕೆಗೆ ಬಹಳ ಮಂದಿ ಮೋಸಹೋಗುತ್ತಾರೆ. ಒಂದೇ ಬೆಲೆ ಇದ್ದ ಮಾತ್ರಕ್ಕೆ ಒಂದೇ ಟಿಕೆಟ್ ಆಗುವುದಿಲ್ಲ. ಎರಡೂ ಹಾರಾಟಗಳು ಒಂದೇ ಸಂಸ್ಥೆಯದಾಗಿರಲಿ. ಸ್ವಂತವಾಗಿ ವಿಮಾನ ಬದಲಿಸಿಕೊಳ್ಳಬೇಕು, ಅಥವಾ ದೆಹಲಿಯಲ್ಲಿ ಬ್ಯಾಗ್ ಪಡೆದು ಮತ್ತೆ ಕೊಡಬೇಕು, ಎಂಬ ಸಣ್ಣ ಅಕ್ಷರದ ಸೂಚನೆ ಇದ್ದರೆ ಅದನ್ನು ಬಿಟ್ಟುಬಿಡಿ. ಹಣ ಕಟ್ಟಿದ ಮೇಲೆ ಬರುವ ಚೀಟಿಯಲ್ಲಿ ಆರು ಅಕ್ಷರಗಳ ಪಿಎನ್‌ಆರ್ ಒಂದೇ ಇರಬೇಕು. ಎರಡು ಇದ್ದರೆ ಎರಡು ಟಿಕೆಟ್ ಎಂದೇ ಅರ್ಥ, ತಕ್ಷಣ ಸಂಸ್ಥೆಗೆ ಕರೆಮಾಡಿ ವಿಚಾರಿಸಿ.

ವಾರಾಣಸಿಯ ಕೌಂಟರಿನಲ್ಲಿ ಇನ್ನೊಮ್ಮೆ ನೋಡಿಕೊಳ್ಳಲು ಮಾವನವರಿಗೆ ಹೇಳಿ. ಬ್ಯಾಗಿನ ಹಿಡಿಗೆ ಸುತ್ತುವ ಕಾಗದದ ಪಟ್ಟಿಯ ಮೇಲೆ ದೊಡ್ಡ ಅಕ್ಷರಗಳಲ್ಲಿ ಬಿಎಲ್‌ಆರ್ ಎಂದಿದ್ದರೆ ಬ್ಯಾಗ್ ನೇರವಾಗಿ ಬೆಂಗಳೂರಿಗೆ ಹೋಗುತ್ತದೆ, ದೆಹಲಿಯಲ್ಲಿ ಸಂಪರ್ಕ ತಪ್ಪಿದರೂ ಮುಂದಿನ ವಿಮಾನ ಹತ್ತಿಸುವ ಹೊಣೆ ಆ ಸಂಸ್ಥೆಯದಾಗಿರುತ್ತದೆ. ಡಿಇಎಲ್ ಎಂದಷ್ಟೇ ಇದ್ದರೆ ಅಲ್ಲಿಂದ ಕದಲುವ ಮೊದಲೇ ಕೇಳಲಿ. ಪಟ್ಟಿ ಬದಲಿಸಿ ಅಂಟಿಸಲು ಅವರಿಗೆ ಎರಡು ನಿಮಿಷ ಸಾಕು.